ವೈರ್‌ಲೆಸ್ ಕೀಪ್ಯಾಡ್ ಟಿಪ್ಪಣಿ: ಡ್ರಿಲ್ ಕೊನೆಗೆ

ಕಳ್ಳರ ಅಲಾರಂಗೆ ಹಾಕುವ ವೈರ್‌ಲೆಸ್ ಕೀಪ್ಯಾಡ್ ಅಂದ ಕೂಡಲೇ ನಮಗೆಲ್ಲ ಅನಿಸುವುದು ಒಂದೇ. ತಂತಿ ಎಳೆಯುವ ರಗಳೆ ಇಲ್ಲ, ಗೋಡೆಗೆ ಎರಡು ಸ್ಕ್ರೂ ಹಾಕಿದರೆ ಕೆಲಸ ಮುಗೀತು. ನಾನೂ ಹಾಗೇ ಅಂದುಕೊಂಡು ನನ್ನ ಮೊದಲ ಕೀಪ್ಯಾಡನ್ನು ಬಾಗಿಲ ಪಕ್ಕದಲ್ಲಿ ರಸಮಟ್ಟ ಇಟ್ಟು ನೋಡಿ, ಚೂರೂ ಓರೆಯಾಗದಂತೆ ಕೂರಿಸಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ಕೋಡ್ ಒತ್ತಿದರೆ ಹತ್ತು ಸಲಕ್ಕೆ ನಾಲ್ಕು ಸಲ ಮಾತ್ರ ಪ್ಯಾನೆಲ್ ಓಗೊಡುತ್ತಿತ್ತು. ಗೋಡೆಯ ಆ ಬದಿಗೆ ಹೋಗಿ ನೋಡಿದೆ. ಕೀಪ್ಯಾಡಿನ ಬೆನ್ನಿಗೆ ಸರಿಯಾಗಿ ಒಂದು ಕಬ್ಬಿಣದ ಬೀರು ನಿಂತಿತ್ತು. ಮತ್ತೆ ಬಿಚ್ಚು, ತೂತು ಮುಚ್ಚು, ಬಣ್ಣ ಹಚ್ಚು. ಅವತ್ತಿನಿಂದ ನನ್ನ ನೋಟ್‌ಬುಕ್‌ನ ಮೊದಲ ಸಾಲು ಇದು: ಡ್ರಿಲ್ ಕೊನೆಗೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಸಾಮಾನ್ಯವಾಗಿ ನಾವು ಒತ್ತಿದ ಕೋಡ್ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಕೀಪ್ಯಾಡ್ ಅಲ್ಲ, ಒಳಗೆಲ್ಲೋ ಇರುವ ಕಂಟ್ರೋಲ್ ಪ್ಯಾನೆಲ್. ಕೀಪ್ಯಾಡ್ ಬರೀ ಸುದ್ದಿ ಮುಟ್ಟಿಸುತ್ತದೆ. ತಂತಿಯ ಕೀಪ್ಯಾಡ್ ಬಿಚ್ಚಿ ನೋಡಿದವರಿಗೆ ಗೊತ್ತು, ಹೆಚ್ಚಿನವುಗಳಲ್ಲಿ ನಾಲ್ಕು ತಂತಿ ಇರುತ್ತವೆ. ಎರಡು ಕರೆಂಟಿಗೆ, ಎರಡು ಮಾತುಕತೆಗೆ. ವೈರ್‌ಲೆಸ್‌ನಲ್ಲಿ ಕರೆಂಟಿನ ಜಾಗಕ್ಕೆ ಸೆಲ್ ಬಂತು, ಮಾತುಕತೆಯ ಜಾಗಕ್ಕೆ ರೇಡಿಯೋ ಬಂತು. ಅಷ್ಟೇ ವ್ಯತ್ಯಾಸ. ಹಾಗಾಗಿ ಮುಂದೆ ಬರುವ ತಲೆನೋವುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದರಿಂದಲೇ ಹುಟ್ಟುತ್ತವೆ. ದೂರು ಬಂದಾಗ "ಇದು ಸೆಲ್‌ನದ್ದೋ, ರೇಡಿಯೋದ್ದೋ?" ಎಂದು ಕೇಳಿಕೊಂಡರೆ ಅರ್ಧ ದಾರಿ ಬಂದಂತೆ.

ಕೊಳ್ಳುವ ಮುಂಚೆ ಪೆಟ್ಟಿಗೆಯ ಮೇಲೆ ಎರಡು ವಿಷಯ ನೋಡಿ. ಒಂದು, ಅದು ನಿಮ್ಮ ಪ್ಯಾನೆಲ್ ಜೊತೆ ಕೆಲಸ ಮಾಡುತ್ತದೆಯೇ. ಫ್ರೀಕ್ವೆನ್ಸಿ ಒಂದೇ ಇದ್ದರೆ ಸಾಕು ಎಂದುಕೊಳ್ಳಬೇಡಿ, ಒಬ್ಬೊಬ್ಬ ತಯಾರಕರ ರೇಡಿಯೋ ಭಾಷೆ ಒಂದೊಂದು ಥರ, ಒಂದೇ ಬೀದಿಯಲ್ಲಿದ್ದೂ ಮಾತಿಲ್ಲದ ಅಕ್ಕಪಕ್ಕದ ಮನೆಯವರ ಹಾಗೆ. ಎರಡನೆಯದು, ಅದು ಏಕಮುಖವೋ ದ್ವಿಮುಖವೋ. ಏಕಮುಖದ್ದು ಕಳಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ. ನೀವು ಆರ್ಮ್ ಬಟನ್ (ಅಲಾರಂ ಅನ್ನು ಕಾವಲಿಗೆ ಹಚ್ಚುವುದು) ಒತ್ತಿದಾಗ ಅದು ಬೀಪ್ ಎಂದರೆ "ಕಳಿಸಿದೆ" ಅಂತ ಮಾತ್ರ ಅರ್ಥ, ಪ್ಯಾನೆಲ್‌ಗೆ ಮುಟ್ಟಿತು ಅಂತಲ್ಲ. ದ್ವಿಮುಖದ್ದಾದರೆ ಪ್ಯಾನೆಲ್‌ನಿಂದ ಉತ್ತರ ಬಂದ ಮೇಲೆ ದೀಪ ಬದಲಾಗುತ್ತದೆ. ನನ್ನ ಮಟ್ಟಿಗೆ, ಕಟ್ಟಡದ ಮುಖ್ಯ ಕೀಪ್ಯಾಡ್ ಏಕಮುಖದ್ದಾಗಿರಲೇ ಬಾರದು.

ದ್ವಿಮುಖದ್ದೂ ಸದಾ ಎಚ್ಚರವಾಗಿರುವುದಿಲ್ಲ. ಸೆಲ್ ಉಳಿಸಲು ನಿದ್ದೆ ಹೋಗುತ್ತದೆ, ಮುಟ್ಟಿದಾಗ ಅಥವಾ ಕೈ ಹತ್ತಿರ ತಂದಾಗ ಏಳುತ್ತದೆ. ಪರದೆ ಕಪ್ಪಾಗಿದೆ, ಕೆಟ್ಟುಹೋಗಿದೆ ಎಂದು ಫೋನ್ ಬಂದರೆ ಒಂದು ಕೀ ಒತ್ತಿ ನೋಡಲು ಹೇಳಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಕೆಲವು ಮಾದರಿಗಳಿಗೆ ಅಡಾಪ್ಟರ್ ಹಾಕಬಹುದು, ಆಗ ಸದಾ ಬೆಳಗುತ್ತಿರುತ್ತದೆ.

ಜಾಗ ಹುಡುಕುವುದು

ಇದೇ ನಿಜವಾದ ಕೆಲಸ. ಉಳಿದದ್ದು ಕೈಕೆಲಸ.

ಅಲಾರಂ ಸಾಧನಗಳು ಹೆಚ್ಚಾಗಿ ಬಳಸುವುದು 433, 868 ಅಥವಾ 915 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು. ಯಾವುದು ಎಂಬುದು ಆಯಾ ದೇಶದ ನಿಯಮದ ಮೇಲೆ. ಅಲೆಯ ಉದ್ದ ಲೆಕ್ಕ ಹಾಕುವುದು ಸುಲಭ, 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್‌ನಲ್ಲಿ ಉತ್ತರ ಬರುತ್ತದೆ. 433ಕ್ಕೆ ಸುಮಾರು 69 ಸೆಂಟಿಮೀಟರ್, 868ಕ್ಕೆ ಸುಮಾರು 35. ಈ ಲೆಕ್ಕ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಬೇಡಿ, ಗೋಡೆಯ ಮುಂದೆ ನಿಂತಾಗ ಇದು ಬೇಕಾಗುತ್ತದೆ. ಯಾಕೆಂದರೆ ಕಟ್ಟಡದ ಒಳಗೆ ಅಲೆ ನೇರವಾಗಿ ಮಾತ್ರ ಬರುವುದಿಲ್ಲ. ನೆಲ, ಚಾವಣಿ, ಲೋಹದ ಸಾಮಾನು ಎಲ್ಲಕ್ಕೂ ಬಡಿದು ವಾಪಸ್ ಬರುತ್ತದೆ. ಹೀಗೆ ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಒಂದು ಕಡೆ ಸೇರಿ ಬಲವಾಗುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಹೊಡೆದುಹಾಕುತ್ತವೆ. ಬಲವಾದ ಜಾಗಕ್ಕೂ ಸತ್ತ ಜಾಗಕ್ಕೂ ನಡುವೆ ಕೆಲವೊಮ್ಮೆ ಇರುವುದು ಕಾಲು ಅಲೆಯಷ್ಟೇ ದೂರ. 868ರಲ್ಲಿ ಅದು ಹತ್ತಿರ ಹತ್ತಿರ ನಾಲ್ಕು ಬೆರಳಗಲ. 433ರಲ್ಲಿ ಒಂದು ಗೇಣಿಗೆ ಸ್ವಲ್ಪ ಕಡಿಮೆ.

ಅಂದರೆ ಸಿಗ್ನಲ್ ಸಿಗಲಿಲ್ಲ ಎಂದು ಕೂಡಲೇ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಮುಂದಕ್ಕೆ ಕಳಿಸುವ ಪೆಟ್ಟಿಗೆ) ಹಾಕಲು ಓಡಬೇಡಿ. ಮೆಟ್ಟಿಲ ಪಕ್ಕದ ಒಂದು ಗೋಡೆಯಲ್ಲಿ ನನಗೆ ಐದರಲ್ಲಿ ಒಂದೇ ಗೆರೆ ತೋರಿಸುತ್ತಿತ್ತು. ಕೀಪ್ಯಾಡನ್ನು ಗೋಡೆಗೆ ಒತ್ತಿ ಹಿಡಿದು ನಾಲ್ಕು ಬೆರಳಷ್ಟು ಬಲಕ್ಕೆ ಸರಿಸಿದೆ, ಮೂರಾಯಿತು. ಇನ್ನಷ್ಟು ಬಲಕ್ಕೆ ಹೋದೆ, ಮತ್ತೆ ಒಂದಕ್ಕೆ ಇಳಿಯಿತು. ವಾಪಸ್ ಬಂದು ಸ್ವಲ್ಪ ಮೇಲಕ್ಕೆ ಎತ್ತಿದಾಗ ನಾಲ್ಕು ಬಂತು. ಅಲ್ಲಿ ಪೆನ್ಸಿಲ್ ಗುರುತು. ಇಷ್ಟಕ್ಕೆ ಹತ್ತು ನಿಮಿಷ ಹಿಡಿಯಿತು, ಒಂದು ತೂತೂ ಕೊರೆದಿರಲಿಲ್ಲ.

ಒಂದು ಎಚ್ಚರಿಕೆ. ಕೈಯಲ್ಲಿ ಹಿಡಿದುಕೊಂಡು ಅಳತೆ ನೋಡಿದರೆ ನಿಮ್ಮ ಕೈಯೂ ಲೆಕ್ಕಕ್ಕೆ ಬರುತ್ತದೆ. ಮೈಯಲ್ಲಿರುವುದು ಜಾಸ್ತಿ ನೀರು, ನೀರು ಈ ಅಲೆಗಳನ್ನು ನುಂಗುತ್ತದೆ. ಅದಕ್ಕೆ ಒಳ್ಳೆ ಜಾಗ ಸಿಕ್ಕ ಮೇಲೆ ಟೇಪ್‌ನಿಂದ ಅಂಟಿಸಿ, ಕೈ ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಬಂದು ಮತ್ತೊಮ್ಮೆ ನೋಡಿ. ಅಳತೆ ಡೆಸಿಬೆಲ್‌ನಲ್ಲಿ ತೋರಿಸುವ ಪ್ಯಾನೆಲ್ ಆದರೆ ನೆನಪಿಡಿ, 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧಕ್ಕೆ ಬಂತು, 10 ಇಳಿದರೆ ಹತ್ತನೇ ಒಂದು ಭಾಗಕ್ಕೆ. ಚಿಕ್ಕ ಸಂಖ್ಯೆ ಅಂತ ಸದರ ಮಾಡಬೇಡಿ.

ದೂರ ಇಡಬೇಕಾದವು ಯಾವುವು ಅಂದರೆ ಲೋಹದ ಬಾಗಿಲು ಚೌಕಟ್ಟು, ವಿದ್ಯುತ್ ಬೋರ್ಡ್, ದೊಡ್ಡ ಕನ್ನಡಿ (ಹಿಂಬದಿಯಲ್ಲಿ ಲೋಹದ ಲೇಪ ಇರುತ್ತದೆ, ಇದನ್ನು ಎಲ್ಲರೂ ಮರೆಯುತ್ತಾರೆ), ಫಾಯಿಲ್ ಹಚ್ಚಿದ ಗೋಡೆ, ನೀರಿನ ತೊಟ್ಟಿ. ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆಗಿಂತ ಇಟ್ಟಿಗೆ ಗೋಡೆ ವಾಸಿ. ಗೋಡೆಯನ್ನು ಅಲೆ ಓರೆಯಾಗಿ ದಾಟಿದರೆ ದಪ್ಪವೂ ಹೆಚ್ಚಾಗುತ್ತದೆ, 45 ಡಿಗ್ರಿಯಲ್ಲಿ 20 ಸೆಂಟಿಮೀಟರ್ ಗೋಡೆ ಅಲೆಯ ಪಾಲಿಗೆ 28 ಆಗಿಬಿಡುತ್ತದೆ. ಇನ್ನು ಪ್ಯಾನೆಲ್ ಕಡೆಗೂ ಒಮ್ಮೆ ಹೋಗಿ ನೋಡಿ. ನಾವೆಲ್ಲ ಕೀಪ್ಯಾಡ್ ಸರಿಸುತ್ತಲೇ ಇರುತ್ತೇವೆ, ಅತ್ತ ಪ್ಯಾನೆಲ್‌ನ ಆಂಟೆನಾ ತಂತಿಯನ್ನು ಯಾರೋ ಸುರುಳಿ ಸುತ್ತಿ ಕಬ್ಬಿಣದ ಪೆಟ್ಟಿಗೆಯೊಳಗೆ ತುರುಕಿರುತ್ತಾರೆ. ಅದರ ಉದ್ದವನ್ನು ಅಲೆಗೆ ಹೊಂದಿಸಿ ಮಾಡಿರುತ್ತಾರೆ. ಕತ್ತರಿಸಬಾರದು, ಮಡಚಬಾರದು, ಕೈಪಿಡಿ ತೋರಿಸಿದ ಹಾಗೆ ಚಾಚಿರಬೇಕು.

ರೇಡಿಯೋ ಒಪ್ಪಿದ ಜಾಗ ಜನರಿಗೂ ಒಪ್ಪಿಗೆಯಾಗಬೇಕಲ್ವಾ? ದಿನಾ ಓಡಾಡುವ ಬಾಗಿಲ ಹತ್ತಿರ, ಆದರೆ ಒಳಗಡೆ. ಕಿಟಕಿಯಿಂದ ನೋಡಿದರೆ ಕಾಣಬಾರದು, ಇಲ್ಲದಿದ್ದರೆ ಅಲಾರಂ ಆರ್ಮ್ ಆಗಿದೆಯೋ ಇಲ್ಲವೋ ಎಂದು ದಾರಿಹೋಕರಿಗೂ ಗೊತ್ತಾಗುತ್ತದೆ. ಎತ್ತರ ಸುಮಾರು 1.2ರಿಂದ 1.5 ಮೀಟರ್. ಗಾಲಿಕುರ್ಚಿ ಬಳಸುವವರು ಇದ್ದರೆ ಇನ್ನೂ ಕೆಳಗೆ.

ಬಾಗಿಲಿಂದ ಕೀಪ್ಯಾಡ್‌ವರೆಗಿನ ದಾರಿಯನ್ನು ನೀವೇ ನಡೆದು ನೋಡಿ, ಕೈಯಲ್ಲಿ ಗಡಿಯಾರ ಹಿಡಿದು. ಬಾಗಿಲು ತೆರೆದ ಕ್ಷಣದಿಂದ ಕೋಡ್ ಒತ್ತುವವರೆಗೆ ಸಿಗುವ ಸಮಯಕ್ಕೆ ಎಂಟ್ರಿ ಡಿಲೇ ಎನ್ನುತ್ತಾರೆ. ತಪ್ಪು ಅಲಾರಂ ಕಡಿಮೆ ಮಾಡಲೆಂದೇ ಅಮೆರಿಕದಲ್ಲಿ ರೂಪಿಸಿದ ಸಿಪಿ-01 ಎಂಬ ಮಾನದಂಡದಲ್ಲಿ ಇದು ಕನಿಷ್ಠ 30 ಸೆಕೆಂಡ್ ಇರಬೇಕು, ಹೊರಗೆ ಹೋಗಲು ಕೊಡುವ ಸಮಯ ಮೊದಲೇ 60 ಸೆಕೆಂಡಿಗೆ ಇಟ್ಟಿರುತ್ತದೆ. ದಾರಿಯಲ್ಲಿ ಚಲನೆ ಹಿಡಿಯುವ ಸೆನ್ಸರ್ ಇದ್ದರೆ ಅದನ್ನು ಪ್ಯಾನೆಲ್‌ನಲ್ಲಿ ಫಾಲೋವರ್ ಝೋನ್ (ಬಾಗಿಲನ್ನು ಹಿಂಬಾಲಿಸುವ ವಿಭಾಗ) ಆಗಿ ಹಾಕಬೇಕು. ಬಾಗಿಲು ಮೊದಲು ತೆರೆದಿದ್ದರೆ ಅದು ಸುಮ್ಮನೆ ಕಾಯುತ್ತದೆ, ಬಾಗಿಲು ತೆರೆಯದೆ ಯಾರೋ ಕಿಟಕಿಯಿಂದ ಇಳಿದು ಅಲ್ಲಿ ಓಡಾಡಿದರೆ ತಕ್ಷಣ ಕೂಗುತ್ತದೆ. ಇದನ್ನು ತಪ್ಪಾಗಿ ತಕ್ಷಣದ ಝೋನ್ ಮಾಡಿಟ್ಟರೆ ಯಜಮಾನರೇ ಬಾಗಿಲು ತೆರೆದು ಎರಡು ಹೆಜ್ಜೆ ಇಡುವಷ್ಟರಲ್ಲಿ ಸೈರನ್ ಹೊಡೆದು ಬೀದಿಯೆಲ್ಲ ಎದ್ದು ಕೂರುತ್ತದೆ.

ಪ್ಯಾನೆಲ್‌ಗೆ ಪರಿಚಯ ಮಾಡಿಸುವುದು

ನಿಜ ಹೇಳಬೇಕೆಂದರೆ ಜಾಗ ಹುಡುಕುವ ಮುಂಚೆಯೇ ಇದು ಆಗಿರಬೇಕು, ಯಾಕೆಂದರೆ ಪ್ಯಾನೆಲ್ ಕೀಪ್ಯಾಡನ್ನು ಗುರುತಿಸದೆ ಸಿಗ್ನಲ್ ಅಳತೆ ಸಿಗುವುದಿಲ್ಲ. ಮೇಜಿನ ಮೇಲೆ, ಪ್ಯಾನೆಲ್‌ನಿಂದ ಎರಡು ಮೂರು ಮೀಟರ್ ದೂರದಲ್ಲಿ ಕೂತು ಮಾಡಿ. ತೀರಾ ಅಂಟಿಕೊಂಡು ಕೂತರೂ ಕೆಲವು ರಿಸೀವರ್‌ಗಳಿಗೆ ಕಿವಿಗೆ ಬಾಯಿಟ್ಟು ಕೂಗಿದಂತಾಗುತ್ತದೆ.

ಕಟ್ಟಡವನ್ನು ದೂರದಿಂದ ಯಾರಾದರೂ ಗಮನಿಸುತ್ತಿದ್ದರೆ ಮೊದಲು ಅವರಿಗೆ ತಿಳಿಸಿ ಟೆಸ್ಟ್‌ನಲ್ಲಿ ಹಾಕಿಸಿ, ಅಂದರೆ ಕೆಲಸ ಮುಗಿಯುವವರೆಗೆ ಬರುವ ಅಲಾರಂ ನಿಜವಲ್ಲ ಎಂದು ಹೇಳಿಡಿ. ಆಮೇಲೆ ಇನ್‌ಸ್ಟಾಲರ್ ಕೋಡ್ (ಅಳವಡಿಸುವವರಿಗಿರುವ ಕೋಡ್) ಒತ್ತಿ ಪ್ಯಾನೆಲ್ ಅನ್ನು ಹೊಸ ಸಾಧನ ಗುರುತಿಸುವ ಲರ್ನ್ ಮೋಡ್‌ಗೆ ತನ್ನಿ, ಅದರ ಪಟ್ಟಿಯಲ್ಲಿ ಖಾಲಿ ಸ್ಲಾಟ್ (ಜಾಗ) ಆರಿಸಿ, ಆಮೇಲೆಯೇ ಕೀಪ್ಯಾಡಿಗೆ ಸೆಲ್ ಹಾಕಿ. ಈ ಕ್ರಮ ಯಾಕೆಂದರೆ ಹಲವು ಕೀಪ್ಯಾಡ್‌ಗಳು ಸೆಲ್ ಹಾಕಿದ ಕೂಡಲೇ ತಮ್ಮ ಗುರುತು ಕಳಿಸುತ್ತವೆ, ಆಗ ಪ್ಯಾನೆಲ್ ಕಿವಿ ತೆರೆದು ಕೂತಿರಬೇಕು. ಕೆಲವಕ್ಕೆ ಎರಡು ಕೀ ಒಟ್ಟಿಗೆ ಒತ್ತಬೇಕು, ಕೆಲವಕ್ಕೆ ಸೀರಿಯಲ್ ನಂಬರನ್ನು ಕೈಯಿಂದ ತುಂಬಬೇಕು. ಕೈಯಿಂದ ತುಂಬುವಾಗ 8ನ್ನು ಬಿ ಎಂದೂ ಸೊನ್ನೆಯನ್ನು ಡಿ ಎಂದೂ ಓದಿ ಅರ್ಧ ಗಂಟೆ ಕಳೆದವರಲ್ಲಿ ನಾನೂ ಒಬ್ಬ. ಚೀಟಿಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬೇರೆ ಕಡೆ ಬಳಸಿದ ಹಳೇ ಕೀಪ್ಯಾಡ್ ಆದರೆ ಹಳೇ ಪ್ಯಾನೆಲ್‌ನಿಂದ ಅಳಿಸಿ, ರೀಸೆಟ್ ಮಾಡಿ ತನ್ನಿ.

ಸೆಲ್ ವಿಷಯ. ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ. ಸಿಆರ್123ಎ ಎಂಬ 3 ವೋಲ್ಟ್ ಲಿಥಿಯಂ ಸೆಲ್ ಅನೇಕ ಕಡೆ ಬರುತ್ತದೆ, ಕೆಲವದರಲ್ಲಿ ಎಎ ಗಾತ್ರದ 1.5 ವೋಲ್ಟಿನವು. ದುಡ್ಡು ಉಳಿಸಲು ಚಾರ್ಜ್ ಆಗುವ ಎಎ ಹಾಕಿದರೆ ಒಂದೊಂದು 1.2 ವೋಲ್ಟ್ ಮಾತ್ರ, ನಾಲ್ಕು ಸೇರಿ 6ರ ಬದಲು 4.8 ಆಯಿತು, ಹೊಸದಾಗಿ ಹಾಕಿದ ದಿನವೇ "ಬ್ಯಾಟರಿ ಕಡಿಮೆ" ಎಂದು ಗೊಣಗಬಹುದು. ಲಿಥಿಯಂನ ಗುಣ ಬೇರೆ, ಕೊನೆಯವರೆಗೂ ವೋಲ್ಟೇಜ್ ಅಷ್ಟಾಗಿ ಇಳಿಯದೆ ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಎಚ್ಚರಿಕೆ ಬಂದ ಮೇಲೆ ನಾಳೆ ನಾಡಿದ್ದು ಅನ್ನುವ ಹಾಗಿಲ್ಲ. ಹಳೇದು ಹೊಸದು ಬೆರೆಸಬೇಡಿ.

ಕೋಡ್‌ಗಳು. ಕಾರ್ಖಾನೆಯಿಂದ ಬಂದ ಮಾಸ್ಟರ್ ಕೋಡ್ (ಯಜಮಾನರ ಮುಖ್ಯ ಕೋಡ್), ಇನ್‌ಸ್ಟಾಲರ್ ಕೋಡ್ ಎರಡೂ ಬದಲಾಗಬೇಕು. ಎಷ್ಟೋ ಜನ ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಹಾಗೇ ಬಿಡುತ್ತಾರೆ, ಅದು ಕೈಪಿಡಿ ಓದಿದ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ನಾಲ್ಕಂಕಿಯ ಕೋಡ್‌ನಲ್ಲಿ 10,000 ಸಾಧ್ಯತೆ ಇದೆ, ಸಾಕಲ್ವಾ ಅನಿಸಬಹುದು. ಆದರೆ ಒಂದೇ ಕೋಡನ್ನು ವರ್ಷಗಟ್ಟಲೆ ಎಲ್ಲರೂ ಒತ್ತಿದರೆ ಆ ನಾಲ್ಕು ಕೀಗಳು ಮಾತ್ರ ಸವೆದು ಹೊಳೆಯುತ್ತವೆ. ಯಾವ ನಾಲ್ಕು ಎಂದು ಗೊತ್ತಾದರೆ ಉಳಿಯುವುದು 24 ಸಾಧ್ಯತೆ ಮಾತ್ರ. ಒಬ್ಬೊಬ್ಬರಿಗೂ ಬೇರೆ ಕೋಡ್ ಕೊಟ್ಟರೆ ಕೀಗಳೂ ಸಮನಾಗಿ ಸವೆಯುತ್ತವೆ, ಯಾರು ಯಾವಾಗ ತೆಗೆದರು ಎಂದೂ ತಿಳಿಯುತ್ತದೆ. ಇಷ್ಟು ಸಲ ತಪ್ಪಿದರೆ ಕೀಪ್ಯಾಡ್ ಲಾಕ್ ಆಗಬೇಕು ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ.

ಈಗ ಡ್ರಿಲ್

ಹಿಂಬದಿಯ ಪ್ಲೇಟನ್ನು ಗುರುತಿಗೆ ಹಿಡಿದು ತೂತು ಕೊರೆಯಿರಿ, ಪ್ಲಗ್ ಹಾಕಿ, ಸ್ಕ್ರೂ ಬಿಗಿಯಿರಿ. ಹಾಂ, ಜೀವ ಹೋಗುವಷ್ಟು ಬಿಗಿಯಬೇಡಿ. ಗೋಡೆ ಏರುಪೇರಾಗಿದ್ದರೆ ಪ್ಲೇಟ್ ಬಾಗಿ, ಮುಂದಿನ ಭಾಗ ಸರಿಯಾಗಿ ಕೂರದೆ ಕೀಗಳು ಸಿಕ್ಕಿಕೊಳ್ಳುತ್ತವೆ. ಹಿಂಬದಿಯಲ್ಲಿ ಟ್ಯಾಂಪರ್ ಸ್ವಿಚ್ ಇರುತ್ತದೆ, ಯಾರಾದರೂ ಕಿತ್ತರೆ ಪ್ಯಾನೆಲ್‌ಗೆ ತಿಳಿಸುವುದು ಅದೇ. ಗೋಡೆಗೂ ಆ ಸ್ವಿಚ್ಚಿಗೂ ನಡುವೆ ಸಂದು ಉಳಿದರೆ ಬಾಗಿಲು ಜೋರಾಗಿ ಹಾಕಿದಾಗೆಲ್ಲ ಟ್ಯಾಂಪರ್ ಎಂದು ಕೂಗುತ್ತದೆ. ಕೆಲವು ಪ್ಲೇಟ್‌ಗಳಲ್ಲಿ ಒಡೆದು ಬೇರೆಯಾಗುವ ಚಿಕ್ಕ ತುಂಡೊಂದಕ್ಕೆ ಪ್ರತ್ಯೇಕ ಸ್ಕ್ರೂ ತೂತು ಇರುತ್ತದೆ. ಅದನ್ನು ಬಿಟ್ಟು ಉಳಿದ ಸ್ಕ್ರೂ ಹಾಕಿದರೆ ಗೋಡೆಯಿಂದ ಕಿತ್ತರೂ ಟ್ಯಾಂಪರ್‌ಗೆ ಗೊತ್ತೇ ಆಗುವುದಿಲ್ಲ. ಬರೀ ಅಂಟು ಟೇಪ್ ಮೇಲೆ ಶಾಶ್ವತವಾಗಿ ನಿಲ್ಲಿಸುವುದೂ ನನಗೆ ಒಪ್ಪಿಗೆಯಿಲ್ಲ.

ಸ್ಕ್ರೂ ಆದ ಮೇಲೆ ಸಿಗ್ನಲ್ ಇನ್ನೊಮ್ಮೆ ನೋಡಿ. ಅದೂ ಬಾಗಿಲುಗಳೆಲ್ಲ ರಾತ್ರಿ ಹೇಗಿರುತ್ತವೋ ಹಾಗೆ ಮುಚ್ಚಿ. ಹಗಲಿಡೀ ಸರಿ ಇದ್ದು ರಾತ್ರಿ ಮಾತ್ರ "ಸೂಪರ್ವಿಷನ್ ಫಾಲ್ಟ್" ತೋರಿಸುತ್ತಿದ್ದ ಒಂದು ಕಟ್ಟಡ ನನ್ನನ್ನು ಮೂರು ದಿನ ಆಡಿಸಿತು. ಕೀಪ್ಯಾಡ್ ಆಗಾಗ "ನಾನಿದ್ದೇನೆ" ಎಂದು ಪ್ಯಾನೆಲ್‌ಗೆ ಹೇಳುತ್ತಿರಬೇಕು, ನಿಗದಿತ ಸಮಯದಲ್ಲಿ ಆ ದನಿ ಕೇಳಿಸದಿದ್ದರೆ ಬರುವುದೇ ಈ ಫಾಲ್ಟ್. ನಾನು ಸೆಲ್ ಬದಲಿಸಿದೆ, ಪ್ಯಾನೆಲ್‌ಗೆ ಮತ್ತೆ ಪರಿಚಯ ಮಾಡಿಸಿದೆ, ಏನೂ ಆಗಲಿಲ್ಲ. ಮೂರನೇ ದಿನ ಕತ್ತಲಾದ ಮೇಲೆ ಹೋದಾಗ ಗೊತ್ತಾಯಿತು, ಕೀಪ್ಯಾಡಿಗೂ ಪ್ಯಾನೆಲ್‌ಗೂ ನಡುವೆ ಹಗಲೆಲ್ಲ ಸುತ್ತಿಟ್ಟಿರುತ್ತಿದ್ದ ಉಕ್ಕಿನ ರೋಲಿಂಗ್ ಶಟರ್ ರಾತ್ರಿ ಕೆಳಗಿಳಿಯುತ್ತಿತ್ತು.

ಕೊನೆಯ ಪರೀಕ್ಷೆಗಳು ಬೇಗ ಮುಗಿಯುತ್ತವೆ. ಆರ್ಮ್ ಮಾಡಿ ಹೊರಗೆ ಹೋಗಿ ಬನ್ನಿ, ತಪ್ಪು ಕೋಡ್ ಒತ್ತಿ, ಕೀಪ್ಯಾಡ್ ಕಳಚಿ ಟ್ಯಾಂಪರ್ ನೋಡಿ, ಮೇನ್ಸ್ ಆಫ್ ಮಾಡಿ ಪ್ಯಾನೆಲ್‌ನ ಬ್ಯಾಕಪ್ ಬ್ಯಾಟರಿಯ ಮೇಲೂ ಎಲ್ಲ ನಡೆಯುತ್ತದೆಯೇ ನೋಡಿ. ಬೆದರಿಕೆಯಲ್ಲಿ ಒತ್ತುವ ಡ್ಯೂರೆಸ್ ಕೋಡ್ ಇಟ್ಟಿದ್ದರೆ ಅದನ್ನೂ ಒತ್ತಬೇಕು. ಆಗ ಕೀಪ್ಯಾಡ್ ಮಾಮೂಲಿನಂತೆ ಡಿಸ್ಆರ್ಮ್ ಆದಂತೆ (ಕಾವಲು ತೆಗೆದಂತೆ) ಕಾಣಬೇಕು, ಸದ್ದಿಲ್ಲದೆ ಸಂದೇಶ ಮಾತ್ರ ಹೋಗಬೇಕು. ಕಟ್ಟಡದಲ್ಲಿ ದಿನಾ ಬಳಸುವವರ ಕೈಯಿಂದಲೂ ಒಂದು ಸಲ ಒತ್ತಿಸಿ, ಅಲ್ಲಿಯವರೆಗೆ ನೀವು ಹೊರಡಬೇಡಿ. ಆಮೇಲೆ ಟೆಸ್ಟ್‌ನಿಂದ ತೆಗೆಸಲು ಫೋನ್ ಮಾಡಿ, ಇದನ್ನು ಮರೆತರೆ ಅಷ್ಟು ಹೊತ್ತು ಮಾಡಿದ್ದೆಲ್ಲ ಆ ರಾತ್ರಿ ಲೆಕ್ಕಕ್ಕಿಲ್ಲ. ಮುಚ್ಚಳ ಹಾಕುವ ಮುಂಚೆ ಒಳಬದಿಯಲ್ಲಿ ಮಾರ್ಕರ್‌ನಿಂದ ಸೆಲ್ ಹಾಕಿದ ತಾರೀಖು ಮತ್ತು ಸ್ಲಾಟ್ ನಂಬರ್ ಬರೆದಿಡಿ. ಮುಂದಿನ ಸಲ ಸೆಲ್ ಬದಲಿಸಲು ಬರುವವರು ಮುಚ್ಚಳ ತೆಗೆದ ಕೂಡಲೇ ಟ್ಯಾಂಪರ್ ಕೂಗದಂತೆ ಮೊದಲು ಪ್ಯಾನೆಲ್ ಅನ್ನು ಸರ್ವಿಸ್ ಮೋಡ್‌ಗೆ ಹಾಕಬೇಕು, ಅದನ್ನೂ ಅಲ್ಲೇ ಒಂದು ಸಾಲು ಬರೆಯಲು ಜಾಗ ಇರುತ್ತದೆ.