ಮೂಗು ಹಿಗ್ಗಿಸಿದ ಮಾತ್ರಕ್ಕೆ ಕ್ಯಾರಿಕೇಚರ್ ಆಗುವುದಿಲ್ಲ

ಒಬ್ಬರ ಮುಖವನ್ನು ನಗು ಬರುವಂತೆ ಬರೆಯುವ ಕ್ಯಾರಿಕೇಚರ್ ಅಂದರೆ ಮೂಗು ದೊಡ್ಡದು ಮಾಡುವುದು, ಹಲ್ಲು ಮುಂದೆ ತರುವುದು, ದೊಡ್ಡ ತಲೆಗೆ ಪುಟ್ಟ ಮೈ ಅಂಟಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈ ಕೆಲಸಕ್ಕೆ ಹೊಸದಾಗಿ ಬರುವವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಅಂಥ ಚಿತ್ರ ನೋಡಿ ನಗು ಬರಬಹುದು. ಆದರೆ ನೋಡಿದವರು ‘ಇದು ಯಾರು?’ ಅಂತ ಕೇಳಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ನಮಗೆ ಜನ ದುಡ್ಡು ಕೊಡುವುದು ಹೋಲಿಕೆಗೆ. ಅದು ಸಿಕ್ಕರೆ ನಗು ತಾನಾಗಿಯೇ ಬರುತ್ತದೆ.

ಹಾಗಾದರೆ ಹೋಲಿಕೆ ಇರುವುದೆಲ್ಲಿ? ಕಣ್ಣು, ಮೂಗು, ಬಾಯಿಗಳಿಗಿಂತ ಜಾಸ್ತಿ ಅವುಗಳ ನಡುವಿನ ಜಾಗದಲ್ಲಿ. ಎರಡು ಕಣ್ಣುಗಳ ನಡುವೆ ಎಷ್ಟು ಅಂತರ ಇದೆ, ಮೂಗಿನ ಬುಡದಿಂದ ಮೇಲ್ತುಟಿಗೆ ಎಷ್ಟು ದೂರ, ಮುಖದಲ್ಲಿ ಹಣೆಯ ಪಾಲು ದೊಡ್ಡದೋ ಗಲ್ಲದ ಪಾಲೋ, ಇದನ್ನೆಲ್ಲ ಮೊದಲು ನೋಡಬೇಕು. ನಮ್ಮ ತಲೆಯಲ್ಲಿ ಒಂದು ಸಾಧಾರಣ ಮುಖ ಇರುತ್ತದೆ. ಎದುರಿಗೆ ಕೂತವರು ಆ ಮುಖಕ್ಕಿಂತ ಎಲ್ಲಿ ಬೇರೆಯಾಗಿದ್ದಾರೆ ಅನ್ನುವುದೇ ನಮ್ಮ ವಸ್ತು. 1985ರಲ್ಲಿ ಸೂಸನ್ ಬ್ರೆನನ್ ಎನ್ನುವವರು ಇದನ್ನೇ ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿದರು. ಅವರ ಪ್ರೋಗ್ರಾಂ ಒಬ್ಬರ ಮುಖವನ್ನು ಸರಾಸರಿ ಮುಖದ ಜೊತೆ ಹೋಲಿಸಿ, ವ್ಯತ್ಯಾಸ ಇದ್ದ ಕಡೆ ಆ ವ್ಯತ್ಯಾಸವನ್ನಷ್ಟೇ ಹಿಗ್ಗಿಸುತ್ತಿತ್ತು. 1987ರಲ್ಲಿ ಅವರೂ ಸೇರಿದ್ದ ಒಂದು ತಂಡ ಪರಿಚಿತರ ಮುಖಗಳನ್ನು ಹೀಗೆ ಹಿಗ್ಗಿಸಿ ಜನರಿಗೆ ತೋರಿಸಿತು. ಇದ್ದಹಾಗೇ ಬರೆದ ಗೆರೆಚಿತ್ರಕ್ಕಿಂತ ಹಿಗ್ಗಿಸಿದ್ದನ್ನೇ ಜನ ಬೇಗ ಗುರುತು ಹಿಡಿದರು. ನಮ್ಮ ಕಸುಬಿನವರು ಕೈಯಲ್ಲಿ ಮಾಡುತ್ತಾ ಬಂದಿದ್ದೂ ಇದನ್ನೇ.

ಒಂದು ಮುಖ ತಗೊಳ್ಳೋಣ. ಕಣ್ಣುಗಳು ದೂರ ದೂರ, ಮೂಗು ಗಿಡ್ಡ, ಮೂಗಿಗೂ ಬಾಯಿಗೂ ನಡುವೆ ಸಾಕಷ್ಟು ಜಾಗ. ಇಲ್ಲಿ ಮೂಗು ಹಿಗ್ಗಿಸಿದರೆ ಹೋಲಿಕೆ ಅಲ್ಲೇ ಕೈ ತಪ್ಪುತ್ತದೆ. ಈ ಮುಖದಲ್ಲಿ ಮೂಗನ್ನು ಇನ್ನೂ ಚಿಕ್ಕದು ಮಾಡಬೇಕು, ಅದರ ಕೆಳಗಿನ ಜಾಗ ಬೆಳೆಸಬೇಕು, ಕಣ್ಣುಗಳನ್ನು ಕಿವಿಯ ಕಡೆಗೆ ಸರಿಸಬೇಕು. ಒಂದು ಕಡೆ ಬೆಳೆಸಿದರೆ ಇನ್ನೊಂದು ಕಡೆ ಕುಗ್ಗಿಸಲೇಬೇಕು. ಹಣೆಯನ್ನೂ ಗಲ್ಲವನ್ನೂ ಒಟ್ಟಿಗೆ ಉದ್ದ ಮಾಡಿದರೆ ಬರೀ ದೊಡ್ಡ ತಲೆ ಸಿಗುತ್ತದೆ, ಆ ಮನುಷ್ಯ ಸಿಗುವುದಿಲ್ಲ. ನಾನು ಕಣ್ಣು, ಮೂಗು, ಬಾಯಿಯ ಅಂತರ ಗಟ್ಟಿಯಾದ ಮೇಲೆಯೇ ಮುಖದ ಹೊರಗೆರೆ ಎಳೆಯುವುದು. ಮೊದಲೇ ಹೊರಗೆರೆ ಹಾಕಿಬಿಟ್ಟರೆ ಒಳಗಿನದೆಲ್ಲ ಅದಕ್ಕೆ ತಕ್ಕಂತೆ ಮುದುಡಿಕೊಳ್ಳುತ್ತದೆ.

ಹೋಲಿಕೆಗೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ 1831ರ ಪ್ಯಾರಿಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಷಾರ್ಲ್ ಫಿಲಿಪೋನ್ ಎನ್ನುವ ವ್ಯಂಗ್ಯಪತ್ರಿಕೆಯ ಪ್ರಕಾಶಕ, ದೊರೆ ಲೂಯಿ ಫಿಲಿಪ್‌ಗೆ ಅವಮಾನ ಮಾಡಿದ ಆರೋಪದ ಮೇಲೆ ಕೋರ್ಟಿನಲ್ಲಿ ನಿಂತಿದ್ದ. ಅಲ್ಲಿ ಅವನು ದೊರೆಯ ಮುಖ ಹಂತ ಹಂತವಾಗಿ ಪಿಯರ್ ಹಣ್ಣಾಗುವುದನ್ನು ನಾಲ್ಕು ಚಿತ್ರಗಳಲ್ಲಿ ಬರೆದು ತೋರಿಸಿದ. ಮೊದಲನೆಯದು ದೊರೆಯನ್ನು ಹೋಲುತ್ತದೆ ಅಂತ ಶಿಕ್ಷಿಸುವುದಾದರೆ ಕೊನೆಯ ಹಣ್ಣನ್ನೂ ಶಿಕ್ಷಿಸಬೇಕಾಗುತ್ತದೆ ಅನ್ನುವುದು ಅವನ ವಾದ. ಶಿಕ್ಷೆ ತಪ್ಪಲಿಲ್ಲ. ಆದರೆ ಬರೀ ಪಿಯರ್ ಬರೆದರೂ ಅದು ದೊರೆ ಅಂತ ಜನಕ್ಕೆ ಗೊತ್ತಾಗುವಂತಾಯಿತು. ದೊರೆಯನ್ನು ಇನ್ನೊಂದು ಬಗೆಯಲ್ಲಿ ಬರೆದಿದ್ದಕ್ಕೆ ಒನೊರೆ ದೋಮಿಯೆ ಎನ್ನುವ ವ್ಯಂಗ್ಯಚಿತ್ರಕಾರ ಮರುವರ್ಷ ಜೈಲಿಗೆ ಹೋದ.

ಈಗಿನ ಫ್ರೀಲಾನ್ಸ್ ಕಲಾವಿದರ ಬದುಕು ಮುಖ್ಯವಾಗಿ ಎರಡು ಥರದ ಕೆಲಸದಿಂದ ನಡೆಯುತ್ತದೆ. ಒಂದು, ಸಮಾರಂಭಗಳಲ್ಲಿ ಕೂತು ಅಲ್ಲೇ ಬರೆದುಕೊಡುವುದು. ಇನ್ನೊಂದು, ಮನೆಯಲ್ಲಿ ಕೂತು ಫೋಟೊ ನೋಡಿ ಬರೆಯುವುದು, ಪತ್ರಿಕೆ ಮತ್ತು ಪುಸ್ತಕಗಳಿಗೆ ನಗೆಚಿತ್ರ ಮಾಡುವುದು.

ಸಮಾರಂಭದಲ್ಲಿ ಒಂದು ಮುಖಕ್ಕೆ ಸಿಗುವುದು ಐದು ನಿಮಿಷ, ಬಣ್ಣ ಹಚ್ಚುವುದಾದರೆ ಹತ್ತು. ಅಳಿಸಿ ಬರೆಯಲು ಪುರಸೊತ್ತಿಲ್ಲ, ಹಿಂದೆ ಜನ ನಿಂತು ನೋಡುತ್ತಿರುತ್ತಾರೆ. ಅದಕ್ಕೇ ಕೂತವರ ಜೊತೆ ಮಾತಾಡುತ್ತಲೇ ಬರೆಯಬೇಕು. ಸುಮ್ನೆ ಕೂರಿಸಿದರೆ ಎಲ್ಲರೂ ಪಾಸ್‌ಪೋರ್ಟ್ ಫೋಟೊಕ್ಕೆ ಕೂತವರ ಹಾಗೆ ಬಿಗಿಯಾಗುತ್ತಾರೆ. ಮಾತಾಡಿಸಿದಾಗ ಒಂದು ಹುಬ್ಬು ಮೇಲೆ ಹೋಗುತ್ತದೆ, ನಗು ಒಂದು ಪಕ್ಕಕ್ಕೆ ವಾಲುತ್ತದೆ. ನಮಗೆ ಬೇಕಾಗಿರುವುದು ಅದೇ ಅಲ್ವಾ? ಪುಟ್ಟ ಮಕ್ಕಳ ಮುಖ ಎಲ್ಲಕ್ಕಿಂತ ಕಷ್ಟ. ಗುರುತುಗಳು ಇನ್ನೂ ಮೂಡಿರುವುದಿಲ್ಲ, ಒಂದು ಗೆರೆ ಜಾಸ್ತಿಯಾದರೂ ಮಗು ಮುದುಕರಂತೆ ಕಾಣುತ್ತದೆ. ಇನ್ನು ಸಮಯ ಮುಗಿಯುವ ಹೊತ್ತಿಗೆ ಸಾಲು ಉದ್ದ ಇದ್ದೇ ಇರುತ್ತದೆ. ಕೊನೆಯವರು ಯಾರು ಅನ್ನುವುದನ್ನು ಅರ್ಧ ಗಂಟೆ ಮೊದಲೇ ಆಯೋಜಕರಿಂದ ಹೇಳಿಸಿ, ನೀವೇ ಹೇಳಲು ಹೋಗಬೇಡಿ.

ಫೋಟೊ ನೋಡಿ ಬರೆಯುವ ಕೆಲಸ ಕೆಡುವುದು ಸಾಮಾನ್ಯವಾಗಿ ಫೋಟೊದಿಂದಲೇ. ಗ್ರಾಹಕರು ಕಳಿಸುವುದು ಸೆಲ್ಫಿ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕ್ಯಾಮೆರಾಗೆ ಸಮೀಪ ಇರುವ ಮೂಗು ಹಿಗ್ಗುತ್ತದೆ, ಕಿವಿಗಳು ಹಿಂದೆ ಸರಿಯುತ್ತವೆ. 2018ರಲ್ಲಿ ಬಂದ ಒಂದು ಲೆಕ್ಕಾಚಾರದ ಪ್ರಕಾರ 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೊಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಅಂದರೆ ನಾವು ಪೆನ್ಸಿಲ್ ಹಿಡಿಯುವ ಮೊದಲೇ ಲೆನ್ಸು ಒಂದು ಸುತ್ತು ಹಿಗ್ಗಿಸಿಬಿಟ್ಟಿರುತ್ತದೆ, ಅದೂ ತಪ್ಪು ಜಾಗದಲ್ಲಿ. ಹಾಗಾಗಿ ಐದಾರು ಅಡಿ ದೂರದಿಂದ ಬೇರೊಬ್ಬರು ತೆಗೆದ, ಫಿಲ್ಟರ್ ಹಾಕದ ಮೂರ್ನಾಲ್ಕು ಫೋಟೊ ಕೇಳಿ, ಒಂದು ಪಕ್ಕದಿಂದ ತೆಗೆದದ್ದೂ ಇರಲಿ. ಚಿಕ್ಕ ವಿಡಿಯೊ ಸಿಕ್ಕರೆ ಇನ್ನೂ ಒಳ್ಳೆಯದು. ಒಳ್ಳೆಯ ಫೋಟೊ ಬರುವವರೆಗೆ ಕೆಲಸ ಶುರು ಮಾಡಬೇಡಿ. ಗ್ರಾಹಕರು ಅವಸರ ಮಾಡುತ್ತಾರೆ, ಆದರೆ ಹೋಲಿಕೆ ಬರದಿದ್ದರೆ ಫೋಟೊ ಸರಿ ಇರಲಿಲ್ಲ ಅಂತ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಯಾವುದನ್ನು ಹಿಗ್ಗಿಸಬಾರದು ಅನ್ನುವುದೂ ಕಸುಬಿನ ಭಾಗವೇ. ಕಾಯಿಲೆ ಬಿಟ್ಟುಹೋದ ಗುರುತು, ಗಾಯದ ಕಲೆ, ಮೈಬಣ್ಣ, ತೂಕ ಇವನ್ನು ನಾನು ನಗುವಿಗೆ ಬಳಸುವುದಿಲ್ಲ. ಅವು ಕಣ್ಣಿಗೆ ಬೇಗ ಬೀಳುತ್ತವೆ ನಿಜ, ಆದರೆ ಅವನ್ನು ಬಿಟ್ಟರೂ ಆ ಮನುಷ್ಯನ ಗುರುತು ಸಿಗುತ್ತದೆ. ಅಧಿಕಾರದಲ್ಲಿ ಇರುವವರನ್ನು ಬರೆಯುವಾಗಲೂ ಅವರು ಮಾಡಿದ ಕೆಲಸವನ್ನು ಹಿಡಿಯಬೇಕು, ಮೈಯನ್ನಲ್ಲ.

ಪತ್ರಿಕೆಗೆ ಮಾಡುವ ನಗೆಚಿತ್ರದಲ್ಲಿ ಬರೆಯುವುದಕ್ಕಿಂತ ಯೋಚಿಸುವುದಕ್ಕೇ ಹೊತ್ತು ಹಿಡಿಯುತ್ತದೆ. ಲೇಖನದಲ್ಲಿ ಇರುವುದನ್ನೇ ಚಿತ್ರದಲ್ಲಿ ಮತ್ತೆ ಹೇಳಿದರೆ ಚಿತ್ರಕ್ಕೆ ಕೆಲಸವೇ ಇರುವುದಿಲ್ಲ. ಮೊದಲು ಬೆಂಕಿಪೊಟ್ಟಣದಷ್ಟು ಸಣ್ಣ ರಫ್‌ಗಳನ್ನು, ಅಂದರೆ ಕಚ್ಚಾ ಚಿತ್ರಗಳನ್ನು ಮಾಡಿ, ಅವುಗಳಲ್ಲಿ ಎರಡು ಮೂರನ್ನು ಸಂಪಾದಕರಿಗೆ ಕಳಿಸಿ, ಅವರು ಒಪ್ಪಿದ ಮೇಲೆಯೇ ಇಂಕ್ ಮಾಡಿ, ಅಂದರೆ ಶಾಯಿಯಲ್ಲಿ ಅಂತಿಮ ಗೆರೆ ಎಳೆಯಿರಿ. ಇಂಕ್ ಆದ ಮೇಲೆ ಐಡಿಯಾ ಬದಲಿಸಬೇಕು ಅಂದರೆ ಅದು ಹೊಸ ಕೆಲಸ, ಅದಕ್ಕೆ ಬೇರೆ ದುಡ್ಡು.

ದುಡ್ಡಿನ ಮಾತು ಬಂತಲ್ಲ, ಇಲ್ಲಿ ನಮ್ಮವರು ತುಂಬಾ ಸಂಕೋಚಪಡುತ್ತಾರೆ, ಅದು ನನಗೆ ನಿಜವಾಗಿಯೂ ಬೇಸರದ ವಿಷಯ. ಚಿತ್ರ ಮಾರುವುದು ಬೇರೆ, ಅದನ್ನು ಬಳಸುವ ಹಕ್ಕು ಕೊಡುವುದು ಬೇರೆ. ಕೃತಿಸ್ವಾಮ್ಯದ (ಕಾಪಿರೈಟ್) ಬಗ್ಗೆ ಇರುವ 1886ರ ಬರ್ನ್ ಒಪ್ಪಂದವನ್ನು ಈಗ ಹೆಚ್ಚಿನ ದೇಶಗಳು ಒಪ್ಪಿಕೊಂಡಿವೆ, ಅದರ ಪ್ರಕಾರ ಹಕ್ಕು ಹುಟ್ಟಲು ನೋಂದಣಿಯೇ ಬೇಕಿಲ್ಲ. ಹುಟ್ಟುಹಬ್ಬಕ್ಕೆ ಅಂತ ಬರೆಸಿಕೊಂಡ ಮುಖವನ್ನೇ ನಾಳೆ ಕಂಪನಿಯ ಜಾಹೀರಾತಿಗೆ ಬಳಸಿದರೆ ಅದು ಬೇರೆ ಬಳಕೆ, ಅದಕ್ಕೆ ಬೇರೆ ದರ. ಯಾವುದಕ್ಕೆ ಬಳಸುತ್ತಾರೆ, ಎಷ್ಟು ದಿನ, ತಿದ್ದುಪಡಿ ಎಷ್ಟು ಸಲ, ನಡುವೆ ಕೆಲಸ ರದ್ದಾದರೆ ಎಷ್ಟು ಕೊಡಬೇಕು, ಇಷ್ಟನ್ನು ಒಂದು ಇಮೇಲ್‌ನಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಅರ್ಧ ಮುಂಗಡ ಕೈಗೆ ಬರುವ ತನಕ ರಫ್ ಕೂಡ ಕಳಿಸಬೇಡಿ. ‘ನಿಮಗೂ ಪ್ರಚಾರ ಸಿಗುತ್ತೆ’ ಅನ್ನುವವರಿಗೆ ನಗುತ್ತಲೇ ದರಪಟ್ಟಿ ಕಳಿಸಿ.