22 ಪರ್ಸೆಂಟ್ ಇದ್ದಾಗಲೇ ಫೋನ್ ಆಫ್ ಆಗುವುದೇಕೆ?

ನನ್ನ ಹಳೇ ಫೋನಿಗೆ ಒಂದು ಚಾಳಿ ಇದೆ. ಚಾರ್ಜ್ 22% ತೋರಿಸುತ್ತಿರುತ್ತದೆ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯಲು ಹೋದರೆ ಟಕ್ ಅಂತ ಆಫ್. ಚಾರ್ಜರ್ ಚುಚ್ಚಿ ಆನ್ ಮಾಡಿದ ಕೂಡಲೇ ನೋಡಿದರೆ ಮತ್ತೆ 21%! ಅಂದರೆ ಚಾರ್ಜ್ ಎಲ್ಲೂ ಹೋಗಿರಲಿಲ್ಲ, ಅಲ್ವಾ? ಪಿಯುಸಿಯಲ್ಲಿ ಉರು ಹೊಡೆದ ಒಂದು ಸಾಲಿನಲ್ಲೇ ಇದಕ್ಕೆ ಉತ್ತರ ಇದೆ:

ಹೊರಗೆ ಸಿಗುವ ವೋಲ್ಟೇಜ್ = ಇಎಂಎಫ್ − (ಕರೆಂಟ್ × ಆಂತರಿಕ ರೋಧ)

ಇಎಂಎಫ್ ಅಂದರೆ ಕರೆಂಟ್ ಎಳೆಯದಿದ್ದಾಗ ಬ್ಯಾಟರಿಯಲ್ಲಿರುವ ವೋಲ್ಟೇಜ್. ಆಂತರಿಕ ರೋಧ ಅಂದರೆ ಕರೆಂಟಿಗೆ ಬ್ಯಾಟರಿಯೊಳಗೇ ಇರುವ ಅಡ್ಡಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಪೈಪಿನೊಳಗೆ ಬಿಳಿ ಉಪ್ಪು ಕಟ್ಟುತ್ತದೆ. ಟ್ಯಾಂಕಿನಲ್ಲಿ ನೀರಿದ್ದರೂ ಷವರ್ ಪೂರ್ತಿ ತಿರುಗಿಸಿದರೆ ಸೋರಿದ ಹಾಗೆ ಬರುತ್ತದೆ. ಬ್ಯಾಟರಿಯಲ್ಲೂ ಹೀಗೇ. ಲಿಥಿಯಂ-ಅಯಾನ್ ಸೆಲ್‌ನ ಗ್ರಾಫೈಟ್ ಋಣ ಧ್ರುವದ ಮೇಲೆ ಮೊದಲ ಚಾರ್ಜಿನಲ್ಲೇ ತೆಳುವಾದ ಪದರ ಕಟ್ಟುತ್ತದೆ. ಅದು ಬೇಕು, ಅದಿಲ್ಲದೆ ಎಲೆಕ್ಟ್ರೊಲೈಟ್ (ಅಯಾನುಗಳು ಓಡಾಡುವ ಒಳಗಿನ ದ್ರಾವಣ) ಒಡೆಯುತ್ತಲೇ ಹೋಗುತ್ತದೆ. ಆದರೆ ವರ್ಷ ಕಳೆದಂತೆ, ಬಿಸಿ ತಾಗಿದಂತೆ, ಪದರ ದಪ್ಪಗಾಗುತ್ತದೆ. ಆಂತರಿಕ ರೋಧ ಏರುತ್ತದೆ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ. 22% ಇದ್ದಾಗ ಇಎಂಎಫ್ 3.6 ವೋಲ್ಟ್, ಫ್ಲ್ಯಾಶ್ ಮತ್ತು ಕ್ಯಾಮೆರಾ ಸೇರಿ ಎಳೆಯುವುದು 2 ಆಂಪಿಯರ್, 3.2 ವೋಲ್ಟಿಗಿಂತ ಕೆಳಗಿಳಿದರೆ ಫೋನ್ ಮಲಗುತ್ತದೆ ಎಂದಿಟ್ಟುಕೊಳ್ಳಿ. ಹೊಸ ಬ್ಯಾಟರಿಯ ರೋಧ 0.1 ಓಮ್ ಆದರೆ ಸಿಗುವುದು 3.4 ವೋಲ್ಟ್. ಬಚಾವ್. ಹಳೆಯದರ ರೋಧ 0.3 ಓಮ್ ಆದರೆ ಬರೀ 3.0. ಆಫ್! ಅದೇ ಹಳೇ ಬ್ಯಾಟರಿಯಲ್ಲಿ ಸುಮ್ನೆ ಮೆಸೇಜ್ ಓದುತ್ತಾ ಕೂತರೆ, ಅರ್ಧ ಆಂಪಿಯರ್ ಅಂದುಕೊಳ್ಳೋಣ, 3.45 ವೋಲ್ಟ್ ಸಿಗುತ್ತದೆ. ನನ್ನ ಫೋನ್ ಮೆಸೇಜಿಗೆ ಒಪ್ಪಿ ಫೋಟೊಗೆ ಮುನಿಯುವುದು ಇದಕ್ಕೇ.

ಹಾಗಾದರೆ ಪರ್ಸೆಂಟ್ ಸುಳ್ಳೇ? ಪೂರ್ತಿ ಅಲ್ಲ. ಒಳಗೊಂದು ಚಿಪ್ ಎಷ್ಟು ಚಾರ್ಜ್ ಒಳಬಂತು, ಎಷ್ಟು ಹೊರಹೋಯಿತು ಎಂದು ಎಣಿಸುತ್ತದೆ. ಅದು ತೋರಿಸುವುದು ಟ್ಯಾಂಕಿನ ನೀರು. ಪೈಪಿನ ಉಪ್ಪು ಆ ಅಂಕಿಯಲ್ಲಿ ಕಾಣುವುದಿಲ್ಲ. ಚಳಿಯಲ್ಲಿ ಅಯಾನುಗಳ ಓಡಾಟ ನಿಧಾನವಾಗಿ ರೋಧ ಇನ್ನೂ ಜಾಸ್ತಿಯಾಗುತ್ತದೆ, ಬೆಚ್ಚಗಾದರೆ ಇಳಿಯುತ್ತದೆ.

ಆಪಲ್ ಕಂಪನಿ 2017ರ ಜನವರಿಯಲ್ಲಿ ಐಫೋನ್ ನಡೆಸುವ ಸಾಫ್ಟ್‌ವೇರ್ ಐಒಎಸ್‌ನ 10.2.1 ಅಪ್‌ಡೇಟ್ ಬಿಟ್ಟಿದ್ದು ಈ ತೊಂದರೆಗೇ. ಬ್ಯಾಟರಿ ಹಳತಾದ ಐಫೋನ್‌ಗಳಲ್ಲಿ ಪ್ರೊಸೆಸರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯದಂತೆ ವೇಗಕ್ಕೆ ಕಡಿವಾಣ ಹಾಕಿತು. ಎಂಜಿನಿಯರಿಂಗ್ ಲೆಕ್ಕದಲ್ಲಿ ಅದು ಸರಿಯೇ. ಗ್ರಾಹಕರಿಗೆ ಬಿಡಿಸಿ ಹೇಳದೆ ಮಾಡಿದ್ದು ತಪ್ಪು. ಡಿಸೆಂಬರಿನಲ್ಲಿ ಗುಟ್ಟು ಹೊರಬಿದ್ದ ಮೇಲೆ ಕ್ಷಮೆ ಕೇಳಿ, ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು.

ಇನ್ನೊಂದು ಗೊಂದಲ. ‘ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು’ ಎಂಬ ಮಾತು ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ-ಅಯಾನ್‌ಗೆ ಪದೇಪದೇ ಸೊನ್ನೆಗೆ ಇಳಿಯುವುದು ಆಗಿಬರುವುದಿಲ್ಲ. ನಮ್ಮಪ್ಪ ಮಾತ್ರ ಇವತ್ತಿಗೂ 1% ಬರುವವರೆಗೆ ಕಾಯುತ್ತಾರೆ, ಆಮೇಲೆ ಫೋನನ್ನು ಚಾರ್ಜಿಗೆ ಹಾಕಿ ದಿಂಬಿನಡಿ ಇಡುತ್ತಾರೆ.