ಅನ್ನಪೂರ್ಣ ಚಾರಣದಲ್ಲಿ ಊರಿನ ಬದುಕೂ ಸಿಗುತ್ತದೆಯೇ?

ಪ್ರಶ್ನೆ: ದೀಪಾವಳಿ ರಜೆಗೆ ನಾವು ನಾಲ್ವರು ಗೆಳೆಯರು ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪ್ ಚಾರಣಕ್ಕೆ ಹೊರಟಿದ್ದೇವೆ. ಪೋಖರಾ ಬಿಟ್ಟು ಮತ್ತೆ ಪೋಖರಾ ಸೇರಲು ಎಂಟು ದಿನ ಇದೆ. ಹಿಮದ ಬೆಟ್ಟದ ಮುಂದೆ ಫೋಟೊ ತೆಗೆಸಿಕೊಂಡು ಬಂದರಾಯಿತು ಅನ್ನುವಂತಾಗಬಾರದು, ಅಲ್ಲಿನವರ ಊಟ, ಹಬ್ಬ, ಬದುಕನ್ನೂ ನೋಡಬೇಕು ಅಂತ ಆಸೆ. ಇಷ್ಟು ದಿನದಲ್ಲಿ ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಈಗ ಮುಕ್ಕಾಲು ಜನ ಹಿಡಿಯುವ ದಾರಿಯನ್ನೇ ನೀವೂ ಹಿಡಿದರೆ ಆಗುವುದಿಲ್ಲ.

ಈಗ ಪೋಖರಾದಲ್ಲಿ ಜೀಪು ಹತ್ತಿದರೆ ಜಿನುವಿನ ಉದ್ದನೆಯ ತೂಗುಸೇತುವೆಯ ಹತ್ತಿರಕ್ಕೇ ಇಳಿಸುತ್ತಾರೆ. ಸೇತುವೆ ದಾಟಿ, ಮೆಟ್ಟಿಲು ಹತ್ತಿ, ಸಂಜೆಗೆ ಛೋಮ್ರೊಂಗ್ ಸೇರುತ್ತೀರಿ. ಮಾರನೆಯ ದಿನ ಮತ್ತೆ ನದಿಯವರೆಗೆ ಇಳಿದು ಆಚೆ ದಂಡೆಯ ಸಿನುವಾಕ್ಕೆ ಹತ್ತುತ್ತೀರಿ. ಅಲ್ಲಿಗೆ ಊರು ಎನ್ನುವುದು ಮುಗಿಯಿತು. ಛೋಮ್ರೊಂಗ್ ಈ ಕಣಿವೆಯ ಕೊನೆಯ ಹಳ್ಳಿ. ಅಲ್ಲಿಂದ ಮೇಲಿನ ಬ್ಯಾಂಬೂ, ಡೋಭಾನ್, ಹಿಮಾಲಯ, ದೇಉರಾಲಿಗಳು ನಕ್ಷೆಯಲ್ಲಿ ಊರಿನಂತೆ ಕಂಡರೂ ಒಂದೊಂದೂ ನಾಲ್ಕಾರು ಲಾಡ್ಜ್‌ಗಳ ತಂಗುದಾಣ, ಅಷ್ಟೇ. ಹೊಲವಿಲ್ಲ, ಶಾಲೆಯಿಲ್ಲ. ಮೆನು ಕಾರ್ಡ್ ಕೂಡ ಹೆಚ್ಚುಕಡಿಮೆ ಒಂದೇ: ಪಿಜ್ಜಾ, ಸ್ಪಗೆಟಿ, ಆಪಲ್ ಪೈ. ನಾನು ಮೊದಲ ಸಲ ಹೋದಾಗ ಹೀಗೇ 4,130 ಮೀಟರ್ ಎತ್ತರದ ಬೇಸ್ ಕ್ಯಾಂಪ್ ಮುಟ್ಟಿ ಬಂದೆ. ಮನೆಗೆ ಬಂದಮೇಲೆ ಅಮ್ಮ, ‘ಅಲ್ಲಿಯವರು ಏನು ಉಣ್ಣುತ್ತಾರೋ’ ಎಂದು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಜೀಪನ್ನು ಜಿನುವಿಗೆ ಹಿಡಿಯಬೇಡಿ, ಘಾಂದ್ರುಕ್‌ಗೆ ಹಿಡಿಯಿರಿ. ಮೊದಲ ಎರಡು ರಾತ್ರಿ ಅಲ್ಲೇ ಉಳಿಯಿರಿ. ಮೂರನೆಯ ದಿನ ಛೋಮ್ರೊಂಗ್, ಆಮೇಲೆ ಡೋಭಾನ್, ದೇಉರಾಲಿ, ಆರನೆಯ ದಿನ ಬೇಸ್ ಕ್ಯಾಂಪ್. ಇಳಿಯುವುದಕ್ಕೆ ಎರಡು ದಿನ ಸಾಕು. ಲೆಕ್ಕ ಸರಿಹೋಗುತ್ತದೆ.

ಘಾಂದ್ರುಕ್ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಒಂಚೂರು ಮೇಲೆ. ಗುರುಂಗ್ ಜನರ ದೊಡ್ಡ ಊರು. ಅವರು ತಮ್ಮನ್ನು ‘ತಮು’ ಎಂದು ಕರೆದುಕೊಳ್ಳುತ್ತಾರೆ. ಅವರ ಮಾತು ನೇಪಾಳಿಯಲ್ಲ, ಟಿಬೆಟ್-ಬರ್ಮಾ ಬಳಗದ ಬೇರೆಯೇ ಭಾಷೆ. ಕಲ್ಲಿನ ಗೋಡೆ, ಚಪ್ಪಡಿ ಕಲ್ಲಿನ ಮಾಡು, ಚಪ್ಪಡಿ ಹಾಸಿದ ಅಂಗಳ, ನೇತುಹಾಕಿದ ಮೆಕ್ಕೆಜೋಳದ ತೆನೆ. ಲಾಡ್ಜ್ ಸಾಲು ದಾಟಿ ಹಳೆಯ ಕೇರಿಯ ಕಡೆ ನಡೆದರೆ ಅಂಗಳದಲ್ಲಿ ಬಿಸಿಲು ಕಾಯುತ್ತಾ ಕೂತ ಮುದುಕರು ಸಿಗುತ್ತಾರೆ, ಅವರಲ್ಲಿ ಮಾಜಿ ಸೈನಿಕರು ಬಹಳ. ಸೇನೆಗೆ ಹೋದವನನ್ನು ಇಲ್ಲಿ ‘ಲಾಹುರೆ’ ಎನ್ನುತ್ತಾರೆ. ರಣಜಿತ್ ಸಿಂಗನ ಕಾಲದಲ್ಲಿ ಲಾಹೋರಿಗೆ ಹೋಗಿ ಪಡೆ ಸೇರುತ್ತಿದ್ದರಲ್ಲ, ಆ ಹೆಸರೇ ಉಳಿದುಕೊಂಡಿದೆ. ಭಾರತದ ಗೂರ್ಖಾ ರೆಜಿಮೆಂಟಿನಲ್ಲಿ ಇದ್ದವರಾದರೆ ಅವರ ಹಿಂದಿ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ, ನನ್ನದಕ್ಕಿಂತ ಅಂತೂ ಚೆನ್ನಾಗಿತ್ತು. 2022ರಲ್ಲಿ ಅಗ್ನಿಪಥ ಬಂದ ಮೇಲೆ ನೇಪಾಳದಿಂದ ಭಾರತದ ಸೇನೆಗೆ ಭರ್ತಿ ನಿಂತಿದೆ. ಆ ಮಾತು ಬಂದರೆ ಚಹಾ ಆರಿದರೂ ಮಾತು ಮುಗಿಯುವುದಿಲ್ಲ.

ಇನ್ನು ಊಟ. ಟೋಸ್ಟ್, ಪ್ಯಾನ್‌ಕೇಕ್ ಪ್ರವಾಸಿಗರ ತಿಂಡಿ. ಊರಿನವರು ಬೆಳಿಗ್ಗೆ ಚಹಾ ಕುಡಿದು ಒಂಬತ್ತು-ಹತ್ತಕ್ಕೆ ಮೊದಲ ಊಟ ಮಾಡುತ್ತಾರೆ, ಕತ್ತಲಾದ ಮೇಲೆ ಎರಡನೆಯದು. ಎರಡೂ ದಾಲ್‌ಭಾತ್: ಅನ್ನ, ಬೇಳೆ, ಪಲ್ಯ, ಸೊಪ್ಪು, ಒಂದು ಉಪ್ಪಿನಕಾಯಿ. ಘಾಂದ್ರುಕ್‌ನಲ್ಲಿ ಉಳಿದ ದಿನವಾದರೂ ನಿಮ್ಮ ಹೊಟ್ಟೆಯ ಗಡಿಯಾರವನ್ನು ಅವರದಕ್ಕೆ ಹೊಂದಿಸಿಕೊಳ್ಳಿ. ಮನೆಯವರ ಊಟದ ಹೊತ್ತಿಗೆ ನಿಮ್ಮ ತಟ್ಟೆಯೂ ಬಂದರೆ ಅಡುಗೆಮನೆಯಲ್ಲೇ ಜಾಗ ಸಿಗುವುದುಂಟು.

ಎರಡನೆಯ ಸಲ ನನಗೆ ಹಾಗೆ ಜಾಗ ಸಿಕ್ಕಿತು. ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದೆ. ಮನೆಯ ಅಜ್ಜಿ ಕಬ್ಬಿಣದ ಬಾಣಲೆಯಲ್ಲಿ ಕುದಿಯುತ್ತಿದ್ದ ನೀರಿಗೆ ಕಂದು ಹಿಟ್ಟು ಸುರಿದು, ಚಪ್ಪಟೆ ಮರದ ಕೋಲು ಹಿಡಿದು, ಬಾಣಲೆ ಅಲುಗದ ಹಾಗೆ ಇನ್ನೊಂದು ಕೈಯಲ್ಲಿ ಒತ್ತಿಕೊಂಡು ತೊಳಸತೊಡಗಿದರು. ಎರಡೇ ನಿಮಿಷಕ್ಕೆ ವಾಸನೆ ಮೂಗಿಗೆ ಬಡಿಯಿತು. ರಾಗಿ! ಅವರು ‘ಕೋದೊ’ ಎನ್ನುವುದು ನಮ್ಮ ರಾಗಿಯನ್ನೇ. ಅದರ ‘ಢಿಡೊ’ ನಮ್ಮ ಮುದ್ದೆಯ ಖಾಸಾ ತಮ್ಮ. ಉಂಡೆ ಕಟ್ಟುವುದಿಲ್ಲ, ತಟ್ಟೆಗೆ ಗುಡ್ಡೆಯಾಗಿ ಹಾಕಿ ನಡುವೆ ಗುಳಿ ಮಾಡಿ ತುಪ್ಪ ಬಿಡುತ್ತಾರೆ. ಜೊತೆಗೆ ಗುಂದ್ರುಕ್ ಸಾರು. ಸಾಸಿವೆ ಸೊಪ್ಪನ್ನೋ ಮೂಲಂಗಿ ಸೊಪ್ಪನ್ನೋ ಬಾಡಿಸಿ, ಒತ್ತಿ ಮುಚ್ಚಿಟ್ಟು ಹುಳಿ ಬರಿಸಿ, ಬಿಸಿಲಿಗೆ ಒಣಗಿಸಿದ್ದೇ ಗುಂದ್ರುಕ್. ಢಿಡೊ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದೆ. ಅಜ್ಜಿ ಮಗಳ ಕಡೆ ತಿರುಗಿ ಏನೋ ಹೇಳಿದರು, ಮಗಳು ನಕ್ಕಳು. ಪ್ರವಾಸಿಗರು ಇದನ್ನು ಚಮಚದಲ್ಲಿ ತೆಗೆದು ಚೂಯಿಂಗ್ ಗಮ್ಮಿನ ಹಾಗೆ ಅಗಿಯುತ್ತಾರಂತೆ. ನೀವು ಹೋಗುವ ಹೊತ್ತಿಗೆ ಮೆಟ್ಟಿಲು ಗದ್ದೆಗಳಲ್ಲಿ ಇದೇ ರಾಗಿಯ ತೆನೆ ಬಲಿತಿರುತ್ತದೆ.

ಅದೇ ಅಡುಗೆಮನೆಯಲ್ಲಿ ನಮ್ಮಿಂದ ಒಂದು ತಪ್ಪೂ ಆಯಿತು. ಜೊತೆಗಿದ್ದ ಗೆಳೆಯ ತಾನು ಉಣ್ಣುತ್ತಿದ್ದ ಚಮಚವನ್ನೇ ಬೇಳೆಯ ಪಾತ್ರೆಗೆ ಅದ್ದಿಬಿಟ್ಟ. ಯಾರೂ ಏನೂ ಅನ್ನಲಿಲ್ಲ. ಅಜ್ಜಿ ಆ ಪಾತ್ರೆಯನ್ನು ಮೆಲ್ಲಗೆ ಅವನ ಪಕ್ಕಕ್ಕೆ ಸರಿಸಿ, ಉಳಿದವರಿಗೆ ಬೇರೆ ಪಾತ್ರೆ ತೆಗೆದರು. ನೇಪಾಳಿಯಲ್ಲಿ ಇದಕ್ಕೆ ‘ಜೂಠೊ’ ಎನ್ನುತ್ತಾರೆ, ನಮ್ಮ ಎಂಜಲು. ಇಂಗ್ಲಿಷ್ ಗೈಡ್‌ಪುಸ್ತಕಗಳು ಇದನ್ನು ವಿವರಿಸಲು ಒಂದು ಪುಟ ತೆಗೆದುಕೊಳ್ಳುತ್ತವೆ, ನಮಗೆ ಒಂದು ಪದ ಸಾಕು. ರಜೆಯಲ್ಲಿ ಅದು ಮರೆತುಹೋಗುತ್ತದೆ ಅನ್ನುವುದೇ ತೊಂದರೆ. ಒಲೆಯ ಬೆಂಕಿಗೆ ಚಾಕೊಲೇಟ್ ಕಾಗದ ಎಸೆಯುವುದೂ ಬೇಡ.

ಹಬ್ಬದ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. ನಮ್ಮ ದೀಪಾವಳಿಯೇ ಅಲ್ಲಿ ತಿಹಾರ್. ಐದು ದಿನ: ಮೊದಲು ಕಾಗೆಗೆ, ಮರುದಿನ ನಾಯಿಗೆ, ಆಮೇಲೆ ಹಸುವಿಗೆ ಮತ್ತು ಲಕ್ಷ್ಮಿಗೆ, ನಾಲ್ಕನೆಯ ದಿನ ಎತ್ತಿಗೆ, ಕೊನೆಗೆ ಅಣ್ಣತಮ್ಮಂದಿರಿಗೆ. ಎರಡನೆಯ ದಿನ ಬೀದಿನಾಯಿಯ ಕೊರಳಿಗೂ ಚೆಂಡುಹೂವಿನ ಹಾರ. ಲಕ್ಷ್ಮೀಪೂಜೆಯ ರಾತ್ರಿಯಿಂದ ಭೈಲೊ, ದೇಉಸಿ ಎಂದು ಮನೆಮನೆಗೆ ಹಾಡುತ್ತಾ ಬರುತ್ತಾರೆ. ಒಬ್ಬ ಸಾಲು ಎತ್ತಿಕೊಡುತ್ತಾನೆ, ಉಳಿದವರು ‘ದೇಉಸಿ ರೇ’ ಎಂದು ಕೂಗುತ್ತಾರೆ. ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ತಮ್ಮ ಅಂಟಿಗೆ-ಪಂಟಿಗೆ ನೆನಪಾಗದೆ ಇರದು. ಊರಿನ ಆಮಾ ಸಮೂಹ, ಅಂದರೆ ತಾಯಂದಿರ ಸಂಘ, ನಿಮ್ಮ ಲಾಡ್ಜಿನ ಅಂಗಳಕ್ಕೂ ಬಂದು ಹಾಡಿ ಕುಣಿದು ತಟ್ಟೆ ಹಿಡಿಯಬಹುದು. ‘ಇದೆಲ್ಲ ಟೂರಿಸ್ಟ್‌ಗೋಸ್ಕರ’ ಎಂದು ಮೂಗು ಮುರಿಯಬೇಡಿ. ಇಂಥ ಸಂಘಗಳು ಆ ದುಡ್ಡನ್ನು ಕಾಲುದಾರಿಗೆ, ಶಾಲೆಗೆ ಹಾಕುತ್ತವೆ.

ಆದರೆ ಕೊನೆಯ ದಿನದ ಭಾಯಿಟೀಕಾ ನೋಡಿಕೊಳ್ಳಿ. ಅಂದು ಅಕ್ಕತಂಗಿಯರು ಬಾಗಿಲಲ್ಲಿ ಅಕ್ರೂಟು ಒಡೆದು, ಅಣ್ಣತಮ್ಮಂದಿರ ಹಣೆಗೆ ಬಣ್ಣಬಣ್ಣದ ಟೀಕಾ ಇಟ್ಟು, ಬಾಡದ ಮಖಮಲಿ ಹೂವಿನ ಹಾರ ಹಾಕುತ್ತಾರೆ. ಆವತ್ತು ನಿಮ್ಮ ಗೈಡ್, ಪೋರ್ಟರ್ ಅವರ ಅಕ್ಕನ ಮನೆಯಲ್ಲಿರಬೇಕೇ ಹೊರತು ನಿಮ್ಮ ಚೀಲ ಹೊತ್ತು ದೇಉರಾಲಿಯಲ್ಲಲ್ಲ. ಘಾಂದ್ರುಕ್‌ನ ಎರಡು ರಾತ್ರಿ ಹಬ್ಬದ ಕೊನೆಗೆ ಬೀಳುವಂತೆ ಹೊರಟರೆ ಇಬ್ಬರಿಗೂ ಒಳ್ಳೆಯದು. ಗೈಡ್ ಇದೇ ಕಣಿವೆಯವರಾದರೆ ನಿಮಗೂ ಕರೆ ಬರುವ ಸಂಭವವಿದೆ.

ಎಲ್ಲವೂ ನಮ್ಮಂತೆಯೇ ಇದೆ ಎಂದುಕೊಂಡರೂ ಎಡವುತ್ತೀರಿ. ತಿಹಾರ್ ಮಾಡುವ ಗುರುಂಗ್ ಮನೆಯಲ್ಲೇ ಸಾವಿನ ಕಾರ್ಯಕ್ಕೆ ಲಾಮಾ ಬರಬಹುದು, ಇಲ್ಲವೆ ಪಚ್ಯೂ ಎಂಬ ಅವರದೇ ಹಳೆಯ ಪೂಜಾರಿ. ಅವರ ಸ್ವಂತ ಹೊಸ ವರ್ಷ ‘ತಮು ಲ್ಹೋಸಾರ್’ ಬರುವುದು ಡಿಸೆಂಬರ್ ಕೊನೆಯಲ್ಲಿ.

ಮೇಲಿನ ಕಣಿವೆಯಲ್ಲಿ ಊರಿಲ್ಲದಿದ್ದರೂ ದೇವರುಗಳಿದ್ದಾರೆ. ನಾಗರು ಬಿಟ್ಟುಹೋದ ನಿಧಿ ಅಲ್ಲಿದೆ ಎಂಬ ನಂಬಿಕೆಯಿತ್ತು. ಮಾಂಸ, ಮೊಟ್ಟೆ ಒಯ್ಯುವಂತಿರಲಿಲ್ಲ, ಹೆಂಗಸರಿಗೂ ಕೆಳಜಾತಿ ಎನಿಸಿಕೊಂಡವರಿಗೂ ಪ್ರವೇಶವಿರಲಿಲ್ಲ. ಜನರ ಮೇಲಿನ ನಿಷೇಧ ಹೋಗಿದೆ, ಹೋಗಲೇಬೇಕಿತ್ತು. ಮಾಂಸದ ಕಟ್ಟಳೆಯನ್ನು ಈಗಲೂ ಪಾಲಿಸುತ್ತಾರೆ, ಕೆಳಗಿನಿಂದ ಚಿಕನ್ ಕಟ್ಟಿಸಿಕೊಂಡು ಹೋಗಬೇಡಿ. ಮೀನಿನ ಬಾಲದ ಹಾಗಿರುವ 6,993 ಮೀಟರಿನ ಮಾಛಾಪುಛ್ರೆಯನ್ನು 1957ರಲ್ಲಿ ಬ್ರಿಟಿಷ್ ತಂಡವೊಂದು ಹತ್ತಿ, ಶಿಖರಕ್ಕೆ ಸುಮಾರು 50 ಮೀಟರ್ ಇರುವಾಗ ನಿಂತಿತು. ಆಮೇಲೆ ಆ ಬೆಟ್ಟ ಹತ್ತಲು ಅನುಮತಿಯೇ ಇಲ್ಲ.

ಮಾತಿನ ವಿಷಯಕ್ಕೆ ಬಂದರೆ, ನಮ್ಮ ಹರಕುಮುರುಕು ಹಿಂದಿಯ ‘ತುಮ್’ ಅಲ್ಲಿ ಏಕವಚನದ ಹಾಗೆ ಚುಚ್ಚುತ್ತದೆ. ‘ತಪಾಯಿಂ’ ಎನ್ನಿ. ಹಿರಿಯ ಹೆಂಗಸರಿಗೆ ಆಮಾ, ನಿಮಗಿಂತ ತುಸು ದೊಡ್ಡ ಹೆಂಗಸರಿಗೆ ದೀದಿ, ಗಂಡಸರಿಗೆ ದಾಯಿ. ಗಡಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ನೆಚ್ಚಿಕೊಳ್ಳಬೇಡಿ.

ಹಾಂ, ಢಿಡೊ ಬೇಕಿದ್ದರೆ ಮಧ್ಯಾಹ್ನವೇ ಹೇಳಿಡಿ, ಕೇಳಿದ ಕೂಡಲೇ ಸಿಗುವುದಿಲ್ಲ. ಹೇಳುವಾಗ ‘ಕೋದೊ ಕೋ ಢಿಡೊ’ ಎಂದು ಒತ್ತಿ ಹೇಳಿ, ಇಲ್ಲದಿದ್ದರೆ ಮೆಕ್ಕೆಜೋಳದ್ದು ಬಂದೀತು.